ರಿಯೋಹಾದ ಕೆಂಪು ವೈನ್: ಕಾಲ ಪಳಗಿಸಿದ ರುಚಿ

ಸ್ಪೇನಿನ ಉತ್ತರದಲ್ಲಿ ಎಬ್ರೋ ನದಿಯ ಎರಡೂ ದಂಡೆಗಳಿಗೆ ಹಬ್ಬಿರುವ ರಿಯೋಹಾ, ಆ ದೇಶದ ಕೆಂಪು ವೈನಿಗೆ ಜಗತ್ತಿನಲ್ಲಿ ಹೆಸರು ತಂದ ಸೀಮೆ. ಉತ್ತರಕ್ಕೆ ಕಾಂತಾಬ್ರಿಯಾ ಬೆಟ್ಟಸಾಲು ಅಡ್ಡ ನಿಂತು ಅಟ್ಲಾಂಟಿಕ್ ಕಡಲಿನ ಥಂಡಿಗಾಳಿಯನ್ನು ಬಹುಪಾಲು ತಡೆಯುತ್ತದೆ. ಪೂರ್ವಕ್ಕೆ ಕಣಿವೆ ತೆರೆದುಕೊಂಡು ಮೆಡಿಟರೇನಿಯನ್ ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಹೀಗಾಗಿ ಪಶ್ಚಿಮದ ರಿಯೋಹಾ ಆಲ್ತಾ ಮತ್ತು ರಿಯೋಹಾ ಆಲವೇಸಾ ಭಾಗಗಳಲ್ಲಿ ದ್ರಾಕ್ಷಿ ನಿಧಾನವಾಗಿ ಮಾಗಿ ಹುಳಿಯನ್ನು ಉಳಿಸಿಕೊಂಡರೆ, ಪೂರ್ವದ ರಿಯೋಹಾ ಓರಿಯಂತಾಲ್‌ನಲ್ಲಿ ಬೇಗ ಹಣ್ಣಾಗಿ ಸಿಹಿ ತುಂಬಿಕೊಳ್ಳುತ್ತದೆ. ಇಲ್ಲಿನ ಮುಖ್ಯ ತಳಿ ತೆಂಪ್ರಾನಿಯೊ. ಉಳಿದ ತಳಿಗಳಿಗಿಂತ ಮೊದಲೇ ಹಣ್ಣಾಗುವುದರಿಂದ ‘ಬೇಗ’ ಎಂಬ ಅರ್ಥದ ಸ್ಪ್ಯಾನಿಷ್ ಪದದಿಂದ ಅದಕ್ಕೆ ಆ ಹೆಸರು ಬಂದಿದೆ. ಅದರ ಜೊತೆಗೆ ಮೈತುಂಬಿಸಲು ಗಾರ್ನಾಚಾ, ಹುಳಿ ಮತ್ತು ಪರಿಮಳಕ್ಕೆ ಗ್ರಾಸಿಯಾನೊ, ಬಿಗಿಗೆ ಮಸುವೆಲೊ ಸೇರುತ್ತವೆ.

ಈ ಸೀಮೆಯಲ್ಲಿ ವೈನ್ ಬಹು ಹಳೆಯದು. ಹದಿಮೂರನೆಯ ಶತಮಾನದಲ್ಲಿ ಸಾನ್ ಮಿಯಾನ್ ಮಠದ ನಂಟಿದ್ದ ಗೊನ್ಸಾಲೊ ದೆ ಬೆರ್ಸಿಯೊ, ಹೆಸರು ಗೊತ್ತಿರುವ ಮೊದಲ ಸ್ಪ್ಯಾನಿಷ್ ಕವಿ, ತನ್ನ ಕಾವ್ಯಕ್ಕೆ ಪ್ರತಿಫಲವಾಗಿ ಒಂದು ಲೋಟ ಒಳ್ಳೆಯ ವೈನನ್ನೇ ಬಯಸಿದ್ದ. ಆದರೆ ಅವನು ಬಯಸಿದ ವೈನಿಗೂ ಇಂದು ರಿಯೋಹಾ ಎಂಬ ಹೆಸರಿನಲ್ಲಿ ಸಿಗುವುದಕ್ಕೂ ಹೋಲಿಕೆ ಕಡಿಮೆ. ಗೊಂಚಲುಗಳನ್ನು ಕಲ್ಲಿನ ತೊಟ್ಟಿಗೆ ಇಡಿಯಾಗಿ ಸುರಿದು, ಹುದುಗು ಬಂದ ಮೇಲೆ ತುಳಿದು ರಸ ಇಳಿಸಿ, ಮುಂದಿನ ಸುಗ್ಗಿಯೊಳಗೆ ಕುಡಿದು ಮುಗಿಸುವುದು ರೈತರ ರೂಢಿಯಾಗಿತ್ತು. ಅಂಥ ವೈನ್ ದೂರದ ಪಯಣ ತಾಳುತ್ತಿರಲಿಲ್ಲ. ಆಲವೇಸಾದ ಹಳ್ಳಿಗಳಲ್ಲಿ ಈ ಪದ್ಧತಿ ಇಂದಿಗೂ ಬದುಕಿದೆ. ಅಲ್ಲಿನ ರೈತರ ಹೊಸ ವೈನಿನಲ್ಲಿ ಸ್ಟ್ರಾಬೆರಿಯ, ಬಾಳೆಹಣ್ಣಿನ ಘಮ ಎದ್ದು ಕಾಣುತ್ತದೆ.

ಬಾಳಿಕೆಯ ವೈನ್ ಮಾಡಲು ಮೊದಲು ಹೊರಟವನು ಲಬಾಸ್ತಿದಾ ಊರಿನ ಪಾದ್ರಿ ಮಾನುವೆಲ್ ಕಿಂತಾನೊ. 1780ರ ದಶಕದಲ್ಲಿ ಅವನು ಫ್ರಾನ್ಸಿನ ಬೋರ್ಡೋ ಪದ್ಧತಿಯನ್ನು ತಂದು, ವೈನನ್ನು ಓಕ್ ಪೀಪಾಯಿಗಳಲ್ಲಿ ಮಾಗಿಸಿದ. ವೈನ್ ಕೆಡಲಿಲ್ಲ, ಕೆಟ್ಟದ್ದು ವ್ಯಾಪಾರ. ಎಲ್ಲರ ವೈನಿಗೂ ಒಂದೇ ಬೆಲೆ ಎಂಬ ಕಟ್ಟಳೆ ಇದ್ದುದರಿಂದ ಪೀಪಾಯಿಯ ಖರ್ಚು ಹುಟ್ಟುವ ದಾರಿಯೇ ಇರಲಿಲ್ಲ, ಪ್ರಯೋಗ ನಿಂತಿತು. ಕಸುಬುದಾರ ಸೋತದ್ದು ಕೈಚಳಕದ ಕೊರತೆಯಿಂದಲ್ಲ, ಒಳ್ಳೆಯದಕ್ಕೆ ಬೇರೆ ಬೆಲೆ ಕೊಡಲೊಲ್ಲದ ಪೇಟೆಯಿಂದ. ಅದೇ ಕೆಲಸವನ್ನು 1852ರಲ್ಲಿ ಲೊಗ್ರೋನ್ಯೊ ಪಟ್ಟಣದಲ್ಲಿ ಲೂಸಿಯಾನೊ ಮುರಿಯೇತಾ ಮತ್ತೆ ಕೈಗೆತ್ತಿಕೊಂಡು ಗೆದ್ದ. 1858ರಲ್ಲಿ ಎಲ್ಸಿಯೇಗೊದಲ್ಲಿ ಮಾರ್ಕೇಸ್ ದೆ ರಿಸ್ಕಾಲ್ ಸಂಸ್ಥೆ ಹುಟ್ಟಿತು. ಆಲವಾ ಪ್ರಾಂತದ ಆಡಳಿತ ಬೋರ್ಡೋದಿಂದ ಕರೆಸಿದ್ದ ಜಾನ್ ಪಿನೋ ಎಂಬ ತಜ್ಞ ಮುಂದೆ ಅಲ್ಲಿಯೇ ನೆಲೆ ನಿಂತ.

ಅಷ್ಟರಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಿಗೆ ಫಿಲಾಕ್ಸರಾ ಎಂಬ ಬೇರುಹೇನು ಹತ್ತಿ, ಅಲ್ಲಿನ ವ್ಯಾಪಾರಿಗಳು ವೈನ್ ಹುಡುಕುತ್ತ ಪಿರಿನೀಸ್ ಪರ್ವತ ದಾಟಿ ಬಂದರು. ಬಿಲ್ಬಾವೊ ರೈಲುಮಾರ್ಗ 1860ರ ದಶಕದಲ್ಲೇ ಆರೋ ಪಟ್ಟಣವನ್ನು ಮುಟ್ಟಿತ್ತು. ಪೀಪಾಯಿಗಳನ್ನು ನೇರವಾಗಿ ಬೋಗಿಗೆ ಉರುಳಿಸಲು ಅನುಕೂಲವೆಂದು ಬೋದೇಗಾಗಳು, ಅಂದರೆ ವೈನ್ ಮನೆಗಳು, ನಿಲ್ದಾಣದ ಸುತ್ತಲೇ ಎದ್ದವು. 1877ರಲ್ಲಿ ಲೋಪೆಸ್ ದೆ ಎರೆದಿಯಾ, 1879ರಲ್ಲಿ ಕೂನೆ, 1890ರಲ್ಲಿ ಲಾ ರಿಯೋಹಾ ಆಲ್ತಾ. ಶತಮಾನ ಮುಗಿಯುವ ಮುನ್ನವೇ ಆರೋದ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯುತ್ತಿತ್ತು. ಸ್ಪೇನಿನಲ್ಲಿ ಆ ಸೌಕರ್ಯ ಮೊದಲು ಕಂಡ ಊರುಗಳಲ್ಲಿ ಅದೂ ಒಂದು. 1899ರಲ್ಲಿ ಅದೇ ಬೇರುಹೇನು ರಿಯೋಹಾವನ್ನೂ ಹೊಕ್ಕಿತು. ಅಮೆರಿಕದ ಬೇರುಗಿಡಕ್ಕೆ ಕಸಿ ಕಟ್ಟಿ ತೋಟಗಳನ್ನು ಹೊಸದಾಗಿ ಎಬ್ಬಿಸಬೇಕಾಯಿತು.

ಪದ್ಧತಿ ಬೋರ್ಡೋದಿಂದ ಬಂದರೂ ಮರ ಬಂದದ್ದು ಅಟ್ಲಾಂಟಿಕ್ ಆಚೆಯಿಂದ. ರಿಯೋಹಾದ ರುಚಿ ಬೇರೆಯಾದದ್ದು ಇಲ್ಲಿಯೇ. 225 ಲೀಟರಿನ ಪೀಪಾಯಿಗೆ ಇಲ್ಲಿ ಅಮೆರಿಕನ್ ಓಕ್ ಬಳಕೆಯಾಯಿತು. (ಕನ್ನಡದ ‘ಪೀಪಾಯಿ’ಯೂ ಐಬೀರಿಯಾದ ನೆನಪೇ, ಪೋರ್ಚುಗೀಸರ ‘ಪೀಪಾ’ ಅದರ ಮೂಲ.) ಫ್ರೆಂಚ್ ಓಕನ್ನು ನಾರಿನ ಗುಂಟ ಸೀಳಿಯೇ ಹಲಗೆ ಮಾಡಬೇಕು, ಇಲ್ಲವಾದರೆ ವೈನ್ ಜಿನುಗುತ್ತದೆ. ಅಮೆರಿಕನ್ ಓಕಿನ ರಂಧ್ರಗಳು ತಾವಾಗಿಯೇ ಮುಚ್ಚಿಕೊಂಡಿರುವುದರಿಂದ ಅದನ್ನು ಗರಗಸದಿಂದ ಕೊಯ್ಯಬಹುದು, ಆದ್ದರಿಂದ ಅಗ್ಗ. ಅದರಲ್ಲಿ ಓಕ್ ಲ್ಯಾಕ್ಟೋನ್ ಎಂಬ ಸುವಾಸನೆಯ ಅಂಶ ಹೆಚ್ಚು. ಹಳೆಯ ರಿಯೋಹಾದಲ್ಲಿ ಸುಳಿಯುವ ಕೊಬ್ಬರಿಯ, ವೆನಿಲಾದ, ಕೆಲವೊಮ್ಮೆ ಸಬ್ಬಸಿಗೆ ಸೊಪ್ಪಿನ ಪರಿಮಳಕ್ಕೆ ಈ ಮರವೇ ಕಾರಣ. ಫ್ರೆಂಚ್ ಓಕ್ ಕೊಡುವುದು ಲವಂಗದಂಥ ಮಸಾಲೆಯ ಘಮ.

ಪೀಪಾಯಿ ಪರಿಮಳವನ್ನಷ್ಟೇ ಕೊಡುವುದಿಲ್ಲ. ಹಲಗೆಯ ಸಂದುಗಳಿಂದ ಇಷ್ಟಿಷ್ಟೇ ಗಾಳಿ ಒಳಸೇರಿ, ಬಣ್ಣದ ಕಣಗಳೂ ಒಗರು ಕೊಡುವ ಟ್ಯಾನಿನ್ ಕಣಗಳೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಭಾರವಾದವು ಗಸಿಯಾಗಿ ತಳಕ್ಕಿಳಿಯುತ್ತವೆ. ವರ್ಷ ಕಳೆದಂತೆ ಬಣ್ಣ ತಿಳಿಯಾಗಿ ಒಗರು ಮೆದುವಾಗುವುದು ಹೀಗೆ. ಸಂಪ್ರದಾಯದ ಮನೆಗಳಲ್ಲಿ ಸುಮಾರು ಆರು ತಿಂಗಳಿಗೊಮ್ಮೆ ವೈನನ್ನು ಗಸಿ ಬಿಟ್ಟು ಬೇರೆ ಪೀಪಾಯಿಗೆ ಇಳಿಸುತ್ತಾರೆ. ಕೊನೆಗೆ ಮೊಟ್ಟೆಯ ಬಿಳಿಯನ್ನು ಕಲಸಿ ಹಾಕಿ ತಿಳಿಗೊಳಿಸುತ್ತಾರೆ. ಬಿಳಿಯಲ್ಲಿರುವ ಪ್ರೋಟೀನ್ ಒರಟು ಟ್ಯಾನಿನ್ನನ್ನು ಹಿಡಿದುಕೊಂಡು ತಳ ಸೇರುತ್ತದೆ.

ಈ ಕ್ರಮವನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡ ಮನೆ ಲೋಪೆಸ್ ದೆ ಎರೆದಿಯಾ. ರಾಫಾಯೆಲ್ ಲೋಪೆಸ್ ದೆ ಎರೆದಿಯಾ ಕಟ್ಟಿದ ಬೋದೇಗಾವನ್ನು ಈಗ ನಾಲ್ಕನೆಯ ತಲೆಮಾರು ನಡೆಸುತ್ತಿದೆ. ಎಬ್ರೋ ನದಿಯ ಬಾಗಿನಲ್ಲಿ ಸುಮಾರು 100 ಹೆಕ್ಟೇರಿನ ವಿನ್ಯಾ ತೊಂದೋನಿಯಾ ತೋಟವನ್ನು ನೆಟ್ಟದ್ದು 1913–14ರಲ್ಲಿ. ಪೀಪಾಯಿ ಮಾಡುವ ಬಡಗಿಗಳು ಬೋದೇಗಾದೊಳಗೇ ಇದ್ದಾರೆ. ನೆಲಮಾಳಿಗೆಯ ಜೇಡರ ಬಲೆಗಳನ್ನು ಯಾರೂ ಗುಡಿಸುವುದಿಲ್ಲ, ಏಕೆಂದರೆ ಬಿರಡೆ ಕೊರೆಯುವ ಪತಂಗಗಳನ್ನು ಜೇಡಗಳೇ ತಿಂದು ಮುಗಿಸುತ್ತವೆ. ಹೆಚ್ಚು ಕಾಲ ಮಾಗಿಸುವ ‘ರೆಸೆರ್ವಾ’ ವರ್ಗದ ತೊಂದೋನಿಯಾ ಪೀಪಾಯಿಯಲ್ಲಿ ಕಳೆಯುವ ಕಾಲ ಸುಮಾರು 6 ವರ್ಷ. ಇನ್ನೂ ಹೆಚ್ಚು ಮಾಗಿಸುವ ‘ಗ್ರಾನ್ ರೆಸೆರ್ವಾ’ ಸುಗ್ಗಿಯಾಗಿ ಎರಡು ದಶಕದ ಹೊತ್ತಿಗೆ ಮಾರಾಟಕ್ಕೆ ಬರುವುದುಂಟು. ಅಷ್ಟು ಕಾಲ ಬಂಡವಾಳವನ್ನು ಕತ್ತಲಲ್ಲಿ ಕೂಡಿಟ್ಟು ಕಾಯುವುದು ಮೂರು ತಿಂಗಳ ಲೆಕ್ಕಪತ್ರಕ್ಕೆ ಉತ್ತರ ಹೇಳಬೇಕಾದ ಕಂಪನಿಗೆ ಬಲು ಕಷ್ಟ. ಅಜ್ಜ ಇಟ್ಟದ್ದನ್ನು ಮೊಮ್ಮಗಳು ಮಾರುವ ಮನೆಗೆ ಅದು ಸಾಧ್ಯ. ಮನೆತನದ ಬೋದೇಗಾ ಎಂಬ ಮಾತಿಗೆ ರುಚಿಯ ಲೆಕ್ಕದಲ್ಲಿ ಇರುವ ನಿಜವಾದ ಅರ್ಥ ಇದು.

ಕಾನೂನು ಪೇಟೆಯ ಹಿಂದೆ ನಡೆದುಬಂತು. 1925ರಲ್ಲಿ ರಿಯೋಹಾ ಎಂಬ ಹೆಸರಿಗೆ ರಕ್ಷಣೆ ಸಿಕ್ಕಿತು. 1991ರಲ್ಲಿ ಅದು ಸ್ಪೇನಿನಲ್ಲೇ ಮೊದಲ ಬಾರಿಗೆ ಅತ್ಯುನ್ನತ ದರ್ಜೆಯ ಮೂಲಸೂಚಕ ಮಾನ್ಯತೆ ಪಡೆಯಿತು. ಇಂದಿನ ನಿಯಮದಂತೆ ಕೆಂಪು ವೈನ್ ‘ಕ್ರಿಯಾನ್ಸಾ’ ಎನಿಸಿಕೊಳ್ಳಲು ಕನಿಷ್ಠ 2 ವರ್ಷ ಮಾಗಬೇಕು, ಅದರಲ್ಲಿ 1 ವರ್ಷ ಪೀಪಾಯಿಯಲ್ಲಿ. ‘ರೆಸೆರ್ವಾ’ಕ್ಕೆ 3 ವರ್ಷ, ಪೀಪಾಯಿಯಲ್ಲಿ 1 ವರ್ಷ ಮತ್ತು ಬಾಟಲಿಯಲ್ಲಿ 6 ತಿಂಗಳು ಸೇರಿ. ‘ಗ್ರಾನ್ ರೆಸೆರ್ವಾ’ಕ್ಕೆ 5 ವರ್ಷ, ಪೀಪಾಯಿಯಲ್ಲೂ ಬಾಟಲಿಯಲ್ಲೂ ತಲಾ 2 ವರ್ಷಕ್ಕೆ ಕಡಿಮೆಯಿರಬಾರದು. ಈ ಹೆಸರುಗಳು ಕಾಲವನ್ನು ಅಳೆಯುತ್ತವೆಯೇ ಹೊರತು ಗುಣವನ್ನಲ್ಲ. ಸಪ್ಪೆ ರೆಸೆರ್ವಾಕ್ಕಿಂತ ಜೀವಂತ ಕ್ರಿಯಾನ್ಸಾ ಮೇಲು.

ವೈನ್ ಮಾಡುವ ಕಸುಬಿನ ಜೊತೆಯಲ್ಲೇ ಅದನ್ನು ರುಚಿ ನೋಡುವ ವಿದ್ಯೆಯೂ ಬೆಳೆಯಿತು. ಮೊದಲಿಗೆ ಅದು ದಲ್ಲಾಳಿಗಳ ನಾಲಿಗೆಯ ಗುಟ್ಟಾಗಿತ್ತು. ಅದನ್ನು ಕಲಿಯಬಲ್ಲ ಶಾಸ್ತ್ರವಾಗಿಸಿದವರಲ್ಲಿ ಮುಂಚೂಣಿಯವರು ಬೋರ್ಡೋ ವಿಶ್ವವಿದ್ಯಾಲಯದ ಎಮಿಲ್ ಪೇನೋ. ರುಚಿ ನೋಡುವ ಬಗೆಯನ್ನು ಕುರಿತ ಅವರ ಪುಸ್ತಕ 1980ರಲ್ಲಿ ಹೊರಬಂತು. ಅದಕ್ಕೂ ಮೊದಲು, 1977ರಲ್ಲಿ, ಬಾಯಿ ಕಿರಿದಾದ ಟ್ಯುಲಿಪ್ ಆಕಾರದ ಗ್ಲಾಸಿಗೆ ಅಂತರರಾಷ್ಟ್ರೀಯ ಅಳತೆ ನಿಗದಿಯಾಗಿತ್ತು. 1984ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಆನ್ ನೋಬಲ್ ಪರಿಮಳದ ಚಕ್ರವನ್ನು ರೂಪಿಸಿ, ‘ಗಂಭೀರ’, ‘ಸೊಗಸು’ ಮುಂತಾದ ಮಸುಕು ಮಾತುಗಳ ಜಾಗದಲ್ಲಿ ಮೂಗಿಗೆ ನಿಜವಾಗಿ ಸಿಗುವ ವಾಸನೆಗಳ ಹೆಸರನ್ನಿಟ್ಟರು. 2001ರಲ್ಲಿ ಪ್ರಕಟವಾದ ಬೋರ್ಡೋ ಪ್ರಯೋಗವೊಂದು ಈ ವಿದ್ಯೆಗೆ ವಿನಯ ಕಲಿಸಿತು. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿ ಅದನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಲ್ಲೇ ಬಣ್ಣಿಸಿದ್ದರು. ಕಣ್ಣು ಮೂಗನ್ನು ಎಷ್ಟು ಸುಲಭವಾಗಿ ನಡೆಸುತ್ತದೆ ಎಂಬುದು ಅಲ್ಲಿ ತಿಳಿಯಿತು. ಹೆಸರುಚೀಟಿ ಮುಚ್ಚಿಟ್ಟು ರುಚಿ ನೋಡುವ ಕ್ರಮಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಡ.

ಹಾಗಿದ್ದರೂ ರಿಯೋಹಾ ರೆಸೆರ್ವಾವನ್ನು ಅರಿಯುವುದು ಕಣ್ಣಿನಿಂದಲೇ ಶುರುವಾಗುತ್ತದೆ. ಗ್ಲಾಸಿನ ಮೂರನೇ ಒಂದು ಭಾಗದಷ್ಟು ಮಾತ್ರ ಸುರಿದು, ಬಿಳಿ ಬಟ್ಟೆಯ ಮೇಲೆ ವಾಲಿಸಿ ಅಂಚನ್ನು ನೋಡಬೇಕು. ಎಳೆಯ ವೈನಿನ ಅಂಚು ನೇರಳೆ. ಮಾಗಿದ್ದರ ಅಂಚು ದಾಳಿಂಬೆಯಿಂದ ಇಟ್ಟಿಗೆಯ ಬಣ್ಣಕ್ಕೆ, ಇನ್ನೂ ಹಳೆಯದಾದರೆ ಕಿತ್ತಳೆಯ ಛಾಯೆಗೆ ತಿರುಗುತ್ತದೆ. ಆಮೇಲೆ ಗ್ಲಾಸನ್ನು ಅಲುಗಿಸದೆ ಒಮ್ಮೆ, ತಿರುಗಿಸಿ ಇನ್ನೊಮ್ಮೆ ಮೂಸಬೇಕು. ತಿರುಗಿಸಿದಾಗ ವೈನ್ ಗ್ಲಾಸಿನ ಒಳಮೈಗೆ ಹರಡಿ ವಾಸನೆ ಹೆಚ್ಚು ಏಳುತ್ತದೆ. ಮೊದಲಿಗೆ ಹುಳಿಚೆರ್ರಿಯಂಥ ಹಣ್ಣು, ಅದರ ಹಿಂದೆ ಓಕಿನ ಕೊಬ್ಬರಿ, ದಾಲ್ಚಿನ್ನಿ, ಕೊನೆಗೆ ಬಾಟಲಿಯಲ್ಲಿ ಕಳೆದ ಕಾಲ ತಂದ ಹೊಗೆಸೊಪ್ಪು, ತೊಗಲು, ಒಣ ಅಂಜೂರ, ಒದ್ದೆ ಎಲೆ. ಒದ್ದೆ ರಟ್ಟಿನ ಮುಗ್ಗಲು ವಾಸನೆ ಹೊಡೆದರೆ ಅದು ವಯಸ್ಸಲ್ಲ, ಬಿರಡೆಯಿಂದ ಬಂದ ಟಿಸಿಎ ಎಂಬ ರಾಸಾಯನಿಕದ ದೋಷ. ಆ ಬಾಟಲಿಯನ್ನು ಹಿಂದಿರುಗಿಸಬೇಕು.

ಬಾಯಿಗೆ ಬಂದರೆ ಕನ್ನಡ ಓದುಗರಿಗೆ ಒಂದು ಅನುಕೂಲವಿದೆ. ಷಡ್ರಸಗಳಲ್ಲಿ ಒಗರನ್ನೂ ಎಣಿಸಿದ ಪರಂಪರೆ ಇದು. ಅಡಿಕೆ, ಬಾಳೆಕಾಯಿ, ನೇರಳೆಹಣ್ಣು ತಿಂದ ನಾಲಿಗೆಗೆ ಟ್ಯಾನಿನ್ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಅಡಿಕೆಯ ಒಗರಿಗೂ ದ್ರಾಕ್ಷಿಸಿಪ್ಪೆಯ ಒಗರಿಗೂ ಒಂದೇ ಬಗೆಯ ಸಂಯುಕ್ತಗಳು ಕಾರಣ. ಅವು ಜೊಲ್ಲಿನ ಪ್ರೋಟೀನನ್ನು ಕಟ್ಟಿಹಾಕುವುದರಿಂದ ಬಾಯಿ ಒಣಗಿ ಬಿಗಿಯುತ್ತದೆ. ಒಳ್ಳೆಯ ರೆಸೆರ್ವಾದಲ್ಲಿ ಆ ಬಿಗಿ ಒಸಡನ್ನು ಕಚ್ಚದೆ ನುಣ್ಣಗೆ ಹರಡಬೇಕು, ದವಡೆಯ ಪಕ್ಕದಲ್ಲಿ ನೀರೂರಿಸುವ ಹುಳಿ ಅದನ್ನು ಎತ್ತಿಹಿಡಿಯಬೇಕು. ಗುಟುಕನ್ನು ಬಾಯಲ್ಲಿ ಹೊರಳಿಸಿ ಸ್ವಲ್ಪ ಗಾಳಿ ಎಳೆದುಕೊಂಡರೆ ಪರಿಮಳ ಗಂಟಲ ಹಿಂಬದಿಯಿಂದ ಮತ್ತೆ ಮೂಗಿಗೇರುತ್ತದೆ. ನುಂಗಿದ ಮೇಲೆ, ಅಥವಾ ಕಸುಬಿನವರಂತೆ ಉಗುಳಿದ ಮೇಲೆ, ರುಚಿ ಎಷ್ಟು ಹೊತ್ತು ನಿಂತಿತು ಎಂಬುದೇ ಗುಣಕ್ಕೆ ನಂಬಬಹುದಾದ ಅಳತೆ.

ಈ ಮೆದುತನವನ್ನು ಇಪ್ಪತ್ತನೆಯ ಶತಮಾನದ ಕೊನೆಗೆ ಪೇಟೆ ಹಳತೆಂದು ಬದಿಗೆ ಸರಿಸಿತು. 1970ರಲ್ಲಿ ಎನ್ರೀಕೆ ಫೋರ್ನೆರ್ ಹುಟ್ಟುಹಾಕಿದ ಮಾರ್ಕೇಸ್ ದೆ ಕಾಸೆರೆಸ್ ಬೋದೇಗಾ, ಅದೇ ಪೇನೋ ಅವರ ಸಲಹೆಯಂತೆ, ಪೀಪಾಯಿಯ ಕಾಲ ಕಡಿಮೆ ಮಾಡಿ ಫ್ರೆಂಚ್ ಓಕಿಗೆ ತಿರುಗಿ ಹಣ್ಣಿನ ರುಚಿಯನ್ನು ಮುಂದೆ ತಂದಿತು. ಅದು ಬೇಕಾಗಿದ್ದ ತಿದ್ದುಪಡಿ. ಹಳೆಯ ಪೀಪಾಯಿಗಳಲ್ಲಿ ಮರೆತುಬಿಟ್ಟ ಸೋತ ವೈನುಗಳೂ ಆಗ ಸಾಕಷ್ಟಿದ್ದವು. ಆದರೆ ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಅವರ 100 ಅಂಕಗಳ ಪದ್ಧತಿ ಜಗತ್ತನ್ನು ಆವರಿಸಿದ 1990ರ ದಶಕದಲ್ಲಿ ತಿದ್ದುಪಡಿ ಅತಿಗೆ ಹೋಯಿತು. ಕಡುಬಣ್ಣ, ಅತಿ ಮಾಗಿದ ಹಣ್ಣು, ಹೊಸ ಓಕಿನ ಅಬ್ಬರ ತುಂಬಿದ ‘ಆಲ್ತಾ ಎಕ್ಸ್‌ಪ್ರೆಸಿಯೋನ್’ ಶೈಲಿ ಬೆಳೆಯಿತು. ಹತ್ತಾರು ವೈನುಗಳನ್ನು ಸಾಲಾಗಿ ನೋಡುವಾಗ ಗಟ್ಟಿ ದನಿಯದ್ದೇ ಗೆಲ್ಲುತ್ತದೆ. ಊಟದ ಜೊತೆ ಎರಡನೇ ಗ್ಲಾಸಿಗೆ ಕರೆಯುವುದು ಮೆಲುದನಿಯದ್ದು.

ಈ ಶತಮಾನದಲ್ಲಿ ಒಲವು ಮತ್ತೆ ತಿರುಗಿದೆ. ಬದಲಾಗದೆ ಕುಳಿತಿದ್ದ ತೊಂದೋನಿಯಾವನ್ನು ಈಗ ಹುಡುಕಿಕೊಂಡು ಹೋಗಬೇಕಾಗಿದೆ. ಕಾಲದ ಜೊತೆಗೆ ಮಣ್ಣಿನ ಗುರುತೂ ಬೇಕೆಂಬ ಬೇಡಿಕೆ ಬಲಿತು, 2015ರ ಕೊನೆಗೆ ಆರ್ತಾದಿ ಎಂಬ ಹೆಸರಾಂತ ಬೋದೇಗಾ ರಿಯೋಹಾ ಹೆಸರನ್ನೇ ಬಿಟ್ಟು ಹೊರನಡೆಯಿತು. 2017ರಲ್ಲಿ ನಿಯಂತ್ರಣ ಮಂಡಳಿ ಒಂಟಿ ತೋಟದ ವೈನಿಗೆ ‘ವಿನ್ಯೇದೊ ಸಿಂಗುಲಾರ್’ ಎಂಬ ಹೊಸ ವರ್ಗವನ್ನು ಒಪ್ಪಿತು. ಬಳ್ಳಿಗೆ ಕನಿಷ್ಠ 35 ವರ್ಷ ಆಗಿರಬೇಕೆಂಬುದು ಅದರ ಷರತ್ತುಗಳಲ್ಲೊಂದು.

ಬಡಿಸುವಾಗ 16ರಿಂದ 18 ಡಿಗ್ರಿ ಸೆಲ್ಸಿಯಸ್ ಹದ. ‘ಕೋಣೆಯ ಉಷ್ಣತೆ’ ಎಂಬ ಹಳೆಯ ಮಾತು ಯುರೋಪಿನ ತಣ್ಣನೆ ಕಲ್ಲುಮನೆಗಳದ್ದು; ಬೆಂಗಳೂರಿನಲ್ಲಾಗಲಿ ಕಲಬುರಗಿಯಲ್ಲಾಗಲಿ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವುದು ಲೇಸು, ಇಲ್ಲವಾದರೆ ಮದ್ಯಸಾರದ ಘಾಟು ಪರಿಮಳವನ್ನು ಮುಚ್ಚುತ್ತದೆ. ಹಳೆಯ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಟ್ಟರೆ ಗಸಿ ತಳಕ್ಕಿಳಿಯುತ್ತದೆ. ರಿಯೋಹಾದಲ್ಲಿ ಇದರ ಜೋಡಿ, ಒಣ ದ್ರಾಕ್ಷಿಬಳ್ಳಿಯ ಕೆಂಡದ ಮೇಲೆ ಸುಟ್ಟ ಎಳೆ ಕುರಿಮರಿಯ ಪಕ್ಕೆಲುಬು. ಮಾಂಸದ ಕೊಬ್ಬು ಒಗರನ್ನು ತಣಿಸುತ್ತದೆ, ವೈನಿನ ಹುಳಿ ಕೊಬ್ಬಿನ ಜಿಡ್ಡನ್ನು ಕಳೆಯುತ್ತದೆ. ಈ ವೈನನ್ನು ಅರಿಯಬೇಕೆನ್ನುವವರು ಒಂದೇ ಮನೆತನದ ಕ್ರಿಯಾನ್ಸಾ ಮತ್ತು ರೆಸೆರ್ವಾ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಹೆಸರುಚೀಟಿ ಮುಚ್ಚಿ, ಒಂದು ಗಂಟೆಯ ಅವಧಿಯಲ್ಲಿ ಮೂರು ಬಾರಿ ಮೂಸಿ ನೋಡಲಿ. ಮೊದಲ ಸಲ ಮೌನವಾಗಿದ್ದ ರೆಸೆರ್ವಾ ಮೂರನೆಯ ಸಲಕ್ಕೆ ಬಾಯಿಬಿಡುತ್ತದೆ.