ಒಂದು ಮೈಕ್ರೋಸ್ಕೋಪ್‌ಗೆ ಕೋಟಿ ರೂಪಾಯಿ: ಬೆಲೆ ನೋಡಿಯೇ ಹಗರಣ ಎನ್ನಬಹುದೇ?

ಶಾಲೆಯ ಮೈಕ್ರೋಸ್ಕೋಪ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಸರ್ಕಾರಿ ಸಂಶೋಧನಾ ಸಂಸ್ಥೆಯೊಂದು ಅದಕ್ಕೆ ಕೋಟಿಗಟ್ಟಲೆ ಕೊಟ್ಟಿದೆ ಎಂಬ ಬಿಲ್ಲಿನ ಫೋಟೊ ನಿಮ್ಮ ವಾಟ್ಸಾಪ್ ಗ್ರೂಪಿಗೆ ಬಂದರೆ? ‘ತೆರಿಗೆ ಹಣ ಲೂಟಿ’ ಎಂದು ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಎರಡೂ ಒಂದೇ ಉಪಕರಣವೇ?

ಅಲ್ಲ. ಶಾಲೆಯಲ್ಲಿ ನಾವು ನೋಡಿದ್ದು ಈರುಳ್ಳಿ ಸಿಪ್ಪೆಯನ್ನು, ಅದೂ ಒಂದೆರಡು ನಿಮಿಷ. ಕ್ಯಾನ್ಸರ್ ಕೋಶ ಹೇಗೆ ಒಡೆದು ಎರಡಾಗುತ್ತದೆ, ಔಷಧ ಕೊಟ್ಟಾಗ ಏನಾಗುತ್ತದೆ ಎಂದು ನೋಡಬೇಕಾದರೆ ಕೋಶ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಜೀವಂತವಾಗಿರಬೇಕು. ಅದಕ್ಕೆ 37 ಡಿಗ್ರಿ ಸೆಲ್ಸಿಯಸ್ ಬಿಸಿ, ಸುಮಾರು ಶೇ 5ರಷ್ಟು ಇಂಗಾಲದ ಡೈಆಕ್ಸೈಡ್, ತೇವಾಂಶ ಇರುವ ಪೆಟ್ಟಿಗೆ ಬೇಕು. ಬೆಳಕು ಹೆಚ್ಚಾದರೆ ಕೋಶವೇ ಸಾಯಬಹುದು. ಹಾಗಾಗಿ ಮಂದ ಬೆಳಕಿನಲ್ಲೂ ಚಿತ್ರ ಹಿಡಿಯುವ ಕ್ಯಾಮೆರಾ ಬೇಕು. ದುಡ್ಡು ಹೋಗುವುದು ಇಲ್ಲಿಗೆ.

ಸರ್ಕಾರ ಹೇಗೆ ಕೊಳ್ಳುತ್ತದೆ?

ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳಿವೆ. ಇಂಥ ದುಬಾರಿ ಉಪಕರಣಕ್ಕೆ ಸಾಮಾನ್ಯವಾಗಿ ಎರಡು ಹಂತದ ಬಿಡ್ ಕರೆಯುತ್ತಾರೆ. ಮೊದಲು ತಾಂತ್ರಿಕ ಬಿಡ್ ತೆರೆಯುತ್ತಾರೆ. ಅದರಲ್ಲಿ ಪಾಸಾದವರ ದರ ಮಾತ್ರ ನೋಡಿ, ಕಡಿಮೆ ಹೇಳಿದವರಿಗೆ ಆರ್ಡರ್ ಕೊಡುತ್ತಾರೆ.

2020ರಲ್ಲಿ 200 ಕೋಟಿ ರೂಪಾಯಿವರೆಗಿನ ಖರೀದಿಗೆ ಜಾಗತಿಕ ಟೆಂಡರ್ ಕರೆಯುವುದನ್ನು ಕೇಂದ್ರ ನಿರ್ಬಂಧಿಸಿತು. ಆದರೆ ಇಂಥ ಮೈಕ್ರೋಸ್ಕೋಪ್‌ಗಳು ಹೆಚ್ಚಾಗಿ ಬರುವುದು ಜರ್ಮನಿ, ಜಪಾನ್‌ಗಳಿಂದ. ವಿಶೇಷ ಅನುಮತಿಗೆ ಕಾಯುತ್ತಾ ಸಂಶೋಧನೆ ತಡವಾಗುತ್ತಿದೆ ಎಂದು ವಿಜ್ಞಾನಿಗಳು ದೂರಿದರು. 2025ರ ಜೂನ್‌ನಲ್ಲಿ ನಿಯಮ ಸಡಿಲವಾಯಿತು. ಸಂಶೋಧನೆಗೆ ಬೇಕಾದ ಉಪಕರಣಕ್ಕೆ 200 ಕೋಟಿವರೆಗಿನ ಜಾಗತಿಕ ಟೆಂಡರ್‌ಗೆ ಸಂಸ್ಥೆಯ ನಿರ್ದೇಶಕರು, ಕುಲಪತಿಗಳೇ ಒಪ್ಪಿಗೆ ಕೊಡಬಹುದು.

ಹಾಗಾದರೆ ಅಕ್ರಮ ನಡೆಯುವುದೇ ಇಲ್ಲವೇ?

ನಡೆಯಬಹುದು. ಆದರೆ ಬರೀ ಬೆಲೆ ನೋಡಿದರೆ ಅದು ಗೊತ್ತಾಗುವುದಿಲ್ಲ. ಈ ಪ್ರಶ್ನೆಗಳನ್ನು ಕೇಳಿ:

• ಷರತ್ತುಗಳು ಒಂದೇ ಕಂಪನಿಗೆ ಹೊಂದುವಂತೆ ಇವೆಯೇ?
• ಎಷ್ಟು ಕಂಪನಿಗಳು ಬಿಡ್ ಹಾಕಿದ್ದವು?
• ರಿಪೇರಿ, ನಿರ್ವಹಣೆಯ ಒಪ್ಪಂದ ಇದೆಯೇ?
• ಯಂತ್ರ ಈಗ ಕೆಲಸ ಮಾಡುತ್ತಿದೆಯೇ, ಮೂಲೆ ಸೇರಿದೆಯೇ?

ಕೇಂದ್ರದ ಸಾರ್ವಜನಿಕ ಖರೀದಿ ಪೋರ್ಟಲ್‌ನಲ್ಲಿ ಟೆಂಡರ್‌ಗಳನ್ನು ಯಾರು ಬೇಕಾದರೂ ಹುಡುಕಬಹುದು. ಅಲ್ಲಿ ಸಿಗದ ಮಾಹಿತಿಗೆ 10 ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಅರ್ಜಿ ಹಾಕಬಹುದು.

ನಾವು ಹೇಳುವುದಿಷ್ಟೇ: ತೆರಿಗೆ ಹಣದ ಲೆಕ್ಕ ಕೇಳುವುದು ನಮ್ಮೆಲ್ಲರ ಹಕ್ಕು. ಬಿಲ್ಲಿನ ಫೋಟೊ ಬಂದರೆ ಟೆಂಡರ್ ಸಂಖ್ಯೆ ಕೇಳಿ. ಅದು ಸಿಗುವವರೆಗೆ ಫಾರ್ವರ್ಡ್ ಮಾಡಬೇಡಿ.