ವಿದ್ಯಾಪೀಠದ ಹೆಸರು ಮತ್ತು ನಮ್ಮ ಪದವಿ ಪತ್ರ



ಉಮರ್ಗಾದಾಗ ಬಿ.ಎ. ಮುಗಿಸಿದ ಹುಡುಗನ ಪದವಿ ಪತ್ರದ ಮ್ಯಾಲ ಬಾಬಾಸಾಹೇಬರ ಹೆಸರು ಇರತದ. ನಿಲಂಗಾ, ಉದಗೀರದಾಗ ಓದಿದವರ ಪತ್ರದ ಮ್ಯಾಲ ಆ ಹೆಸರಿಲ್ಲ, ಸ್ವಾಮಿ ರಾಮಾನಂದ ತೀರ್ಥರ ಹೆಸರಿದೆ. ಮೂರೂ ತಾಲೂಕಾ ಬಾಜೂಬಾಜೂಕ ಇದ್ದರೂ ಹೀಂಗ್ಯಾಕ ಅಂತ ನಮ್ಮ ತರುಣರಿಗೆ ಗೊತ್ತಿರಬೇಕು. ಈ ಒಂದು ಪ್ರಶ್ನೆಯೊಳಗ ಮರಾಠವಾಡಾದ ಶಿಕ್ಷಣದ ಇತಿಹಾಸ ಅಡಗಿದೆ.

ನಿಜಾಮರ ಕಾಲದಾಗ ನಿಲಂಗಾ, ಉದಗೀರ ಬೀದರ ಜಿಲ್ಲೆಯೊಳಗಿದ್ದವು. ಮನಿಯೊಳಗ ಕನ್ನಡ, ಸಂತಿಯೊಳಗ ಮರಾಠಿ, ಕಚೇರಿಯೊಳಗ ಉರ್ದು. ಪದವಿ ಬೇಕಂದ್ರೆ ಹೈದರಾಬಾದಿನ ಉಸ್ಮಾನಿಯಾ ವಿದ್ಯಾಪೀಠಕ್ಕೇ ಹೋಗಬೇಕು. 1918ರಲ್ಲಿ ಆರಂಭವಾದ ಅಲ್ಲಿಯೂ ಪಾಠ ಉರ್ದುವಿನಲ್ಲೇ. ಊರ ಹೊರಗಿನ ಕೇರಿಯ ಹುಡುಗನಿಗೆ ಸಾಲಿಯ ಕಟ್ಟೆ ಹತ್ತೂದೇ ಕಠಿಣವಿದ್ದಾಗ ಹೈದರಾಬಾದ ಎಲ್ಲಿಂದ ಬಂತು?

ಈ ಬಾಗಿಲು ತೆರೆದವರು ಡಾ. ಬಾಬಾಸಾಹೇಬ ಅಂಬೇಡ್ಕರ್. 1945ರಲ್ಲಿ ಅವರು ಪೀಪಲ್ಸ್ ಎಜುಕೇಶನ್ ಸೊಸೈಟಿ ಸ್ಥಾಪಿಸಿದರು. ಮರುವರ್ಷ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಶುರುವಾಯಿತು. 1950ರಲ್ಲಿ ಔರಂಗಾಬಾದದಲ್ಲಿ ಕಾಲೇಜು ತೆರೆದರು. 1951ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಅದರ ಕಟ್ಟಡಕ್ಕೆ ಅಡಿಗಲ್ಲು ಇಟ್ಟರು. ಭಿಕ್ಷು ನಾಗಸೇನನಿಗೆ ಪ್ರಶ್ನೆ ಮ್ಯಾಲ ಪ್ರಶ್ನೆ ಕೇಳಿದ ಮಿಲಿಂದ ರಾಜನ ಹೆಸರು ಆ ಕಾಲೇಜಿಗೆ ಬಂತು. ಪರಿಸರಕ್ಕೆ ನಾಗಸೇನವನ ಅಂತಾರ. ಪ್ರಶ್ನೆ ಕೇಳುವವನ ಹೆಸರನ್ನು ಕಾಲೇಜಿಗೆ ಇಟ್ಟದ್ದರಲ್ಲೇ ಬಾಬಾಸಾಹೇಬರ ಶಿಕ್ಷಣದ ವಿಚಾರ ಕಾಣತದ.

ಬರೀ ತರಗತಿಯಿಂದ ಕೆಲಸ ಆಗೂದಿಲ್ಲ, ಇರಾಕ ಜಾಗ, ಉಣ್ಣಾಕ ಅನ್ನ ಬೇಕು. ಹಂಗಾಗಿ ನಾಗಸೇನವನದಲ್ಲಿ ಹಾಸ್ಟೆಲುಗಳು ಎದ್ದವು. ಹಳ್ಳಿಯಲ್ಲಿ ಭಾಡಿಗೆ ಮನಿ ಸಿಗದ ಹುಡುಗರು ಅಲ್ಲಿ ಕೂಡಿ ಉಂಡರು, ಕೂಡಿ ಓದಿದರು. ಮಿಲಿಂದದ ಅಂಗಳದಿಂದ ಶಿಕ್ಷಕರು, ಅಧಿಕಾರಿಗಳು, ಲೇಖಕರು ಹೊರಬಂದರು. ಗಂಗಾಧರ ಪಾನತಾವಣೆಯವರ 'ಅಸ್ಮಿತಾದರ್ಶ' ಪತ್ರಿಕೆ ಔರಂಗಾಬಾದದಿಂದಲೇ ಹೊರಟು ದಲಿತ ಸಾಹಿತ್ಯಕ್ಕೆ ನೆಲೆ ಕೊಟ್ಟಿತು.

1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ನಿಲಂಗಾ, ಉದಗೀರ ಬೀದರದಿಂದ ಬೇರೆಯಾಗಿ ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. 1958ರ ಆಗಸ್ಟ್ 23ರಂದು ಪ್ರಧಾನಿ ನೆಹರೂ ಔರಂಗಾಬಾದದಲ್ಲಿ ಮರಾಠವಾಡಾ ವಿದ್ಯಾಪೀಠ ಉದ್ಘಾಟಿಸಿದರು. ಜಿಲ್ಲಾ ತಾಲೂಕಾಗಳ ಕಾಲೇಜುಗಳು ಅದಕ್ಕೆ ಜೋಡಣೆಯಾದವು. ಪಾಠ ನಮ್ಮೂರ ಹತ್ತಿರ, ಪರೀಕ್ಷೆ ಮತ್ತು ಪದವಿ ವಿದ್ಯಾಪೀಠದ್ದು. ಈ ಪದ್ಧತಿಯಿಂದಲೇ ಬಡವರ ಮಕ್ಕಳಿಗೆ ಪದವಿ ಕೈಗೆಟುಕಿತು.

ವಿದ್ಯಾಪೀಠಕ್ಕೆ ಬಾಬಾಸಾಹೇಬರ ಹೆಸರು ಕೊಡಬೇಕೆಂಬ ಬೇಡಿಕೆ ಬೆಳೆಯಿತು. 1978ರ ಜುಲೈ 27ರಂದು ಮಹಾರಾಷ್ಟ್ರ ವಿಧಿಮಂಡಳದ ಎರಡೂ ಸದನಗಳು ಠರಾವು ಪಾಸು ಮಾಡಿದವು. ಠರಾವು ಆದದ್ದು ಮುಂಬಯಿಯಲ್ಲಿ, ಬೆಂಕಿ ಬಿದ್ದದ್ದು ಹಳ್ಳಿಯ ಗುಡಿಸಲುಗಳಿಗೆ. ವಿದ್ಯಾಪೀಠದ ಗೇಟನ್ನೇ ನೋಡದ ಮಂದಿ ಮನಿ ಕಳಕೊಂಡರು. ನಾಂದೇಡ ಜಿಲ್ಲೆಯ ಪೋಚಿರಾಮ ಕಾಂಬಳೆ ಪ್ರಾಣ ಕಳಕೊಂಡರು. ಒಂದು ಹೆಸರಿಗಾಗಿ ಇಷ್ಟು ಸಿಟ್ಟು ಯಾಕ? ಓದಿದ ಹುಡುಗ ಊರ ಬಿಟ್ಟಿ ಚಾಕರಿ ಮಾಡೂದಿಲ್ಲ ಅಂದ. ಕೂಲಿ ಕೇಳಿದ. ಸಿಟ್ಟು ಫಲಕದ ಮ್ಯಾಲಿರಲಿಲ್ಲ, ಈ ನೆಟ್ಟಗಾದ ಬೆನ್ನಿನ ಮ್ಯಾಲಿತ್ತು.

1979ರಲ್ಲಿ ನಾಗಪುರದ ದೀಕ್ಷಾಭೂಮಿಯಿಂದ ಪ್ರೊ. ಜೋಗೇಂದ್ರ ಕವಾಡೆಯವರ ಮುಂದಾಳತ್ವದಲ್ಲಿ ಲಾಂಗ್ ಮಾರ್ಚ್ ಹೊರಟಿತು. ವರ್ಷಗಳು ಉರುಳಿದವು. 1993ರಲ್ಲಿ ನಾಂದೇಡದಲ್ಲಿ ಗೌತಮ ವಾಘಮಾರೆ ಆತ್ಮಾಹುತಿ ಮಾಡಿಕೊಂಡರು. ಕಡೆಗೆ 1994ರ ಜನವರಿ 14ರಂದು 'ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿದ್ಯಾಪೀಠ' ಎಂದಾಯಿತು. ಹಳೇ ಹೆಸರು ಉಳಿಸಿ ಹೊಸದು ಕೂಡಿಸಿದ್ದರಿಂದ ಅದಕ್ಕೆ ನಾಮಾಂತರ ಅನ್ನದೆ ನಾಮವಿಸ್ತಾರ ಅಂದರು. ಪ್ರತಿ ವರ್ಷ ಆ ದಿನ ಸಾವಿರಾರು ಮಂದಿ ಆ ಗೇಟಿನ ಮುಂದ ತಲೆ ಬಾಗತಾರ.

ಅದೇ ವರ್ಷ ಸೆಪ್ಟೆಂಬರ್ 17ಕ್ಕೆ, ಮರಾಠವಾಡಾ ಮುಕ್ತಿ ದಿನದಂದು, ನಾಂದೇಡದಲ್ಲಿ ಇನ್ನೊಂದು ವಿದ್ಯಾಪೀಠ ಆಯಿತು. ನಿಜಾಮಶಾಹಿಯ ವಿರುದ್ಧ ಹೋರಾಡಿದ ರಾಮಾನಂದ ತೀರ್ಥರ ಹೆಸರು ಅದಕ್ಕೆ ಬಂತು. ಅವರು ಹುಟ್ಟಿದ್ದು ಕನ್ನಡ ನೆಲದಲ್ಲಿ. ಲಾತೂರ ಜಿಲ್ಲೆ ಅದಕ್ಕೆ ಹೋಯಿತು, ಉಮರ್ಗಾ ಔರಂಗಾಬಾದದ ಕಡೆಗೇ ಉಳಿಯಿತು. ಹೀಂಗಾಗಿ ಹದಿನಾರು ವರ್ಷ ಕಾದು ಬಂದ ಹೆಸರು ನಮ್ಮ ನಿಲಂಗಾ, ಉದಗೀರದ ಪದವಿ ಪತ್ರದ ಮ್ಯಾಲ ಒಂದು ವರ್ಷವೂ ನಿಲ್ಲಲಿಲ್ಲ.

ಇದಕ್ಕ ದುಃಖ ಪಡಬೇಕಾಗಿಲ್ಲ. ನಾಂದೇಡ ನಮಗ ಹತ್ತಿರ, ಹತ್ತಿರವಿದ್ದರೆ ಬಡವರಿಗೆ ಖರ್ಚು ಕಡಿಮಿ. ಆದರೆ ಹೆಸರು ಪತ್ರದ ಮ್ಯಾಲ ಇರಲಿ, ಬಿಡಲಿ, ಅದರ ಋಣ ನಮ್ಮ ಮ್ಯಾಲ ಅದ. ಹತ್ತನೇತ್ತೆ ಮುಗಿಸಿ ಕೂಲಿಗೆ ಪುಣೆ, ಹೈದರಾಬಾದಿಗೆ ಹೊಂಟ ಹುಡುಗನನ್ನು ತಡೆದು ಕಾಲೇಜಿಗೆ ಹಚ್ಚೂದು, ಸ್ಕಾಲರ್‌ಶಿಪ್ ಅರ್ಜಿ ವೇಳೆಗೆ ಸರಿಯಾಗಿ ತುಂಬಿಸೂದು, ಮದುವಿ ಅವಸರಕ್ಕೆ ಹುಡುಗಿಯ ಓದು ಬಿಡಿಸದಂತೆ ತಾಯಿ ತಂದಿಗೆ ತಿಳಿಹೇಳೂದು: ಯುವಕ ಸಂಘದ ಕೆಲಸ ಇದು. ಒಂದು ಹೆಸರಿಗಾಗಿ ಮನಿ ಕಳಕೊಂಡವರ ಮಕ್ಕಳು ಮೊಮ್ಮಕ್ಕಳು ಓದದೆ ಉಳಿದರೆ ಆ ಫಲಕ ಯಾರಿಗಾಗಿ?

ಜೈ ಭೀಮ್.