ಕಂಟ್ರೋಲ್-ಆರ್ ಒತ್ತಿದ ಮೇಲೆ

ಸರ್ವರ್ ಚಾಲೂ ಮಾಡಿದಾಗ ಪರದೆಯ ಮೇಲೆ ಒಂದು ಸಾಲು ನಾಲ್ಕೈದು ಸೆಕೆಂಡು ನಿಂತು ಮಾಯವಾಗುತ್ತದೆ. ಡಿಸ್ಕ್ ಕಂಟ್ರೋಲರ್‌ನ ಸೆಟ್ಟಿಂಗ್ ಬೇಕಿದ್ದರೆ ಕಂಟ್ರೋಲ್-ಆರ್ ಒತ್ತಿ ಎನ್ನುತ್ತದೆ ಅದು. ಕೆಲವು ಕಾರ್ಡುಗಳಲ್ಲಿ ಕೀ ಬೇರೆ. ತಡಮಾಡಿದಿರೋ, ಮತ್ತೆ ರೀಸ್ಟಾರ್ಟ್, ಮತ್ತೆ ಫ್ಯಾನುಗಳ ಭೋರ್ಗರೆತ. ಒಳಗೆ ಹೋದರೆ ಅಲಂಕಾರವಿಲ್ಲದ ಪಟ್ಟಿಯೊಂದು ಕಾದಿರುತ್ತದೆ: ಯಾವ ರೇಡ್ ಲೆವೆಲ್, ಯಾವ್ಯಾವ ಡಿಸ್ಕ್, ಸ್ಟ್ರೈಪ್ ಎಷ್ಟು, ರೈಟ್ ಬ್ಯಾಕೋ ರೈಟ್ ಥ್ರೂವೋ, ಹಾಟ್ ಸ್ಪೇರ್ ಬೇಕೋ ಬೇಡವೋ. ಹತ್ತು ನಿಮಿಷದ ಕೆಲಸ. ಆದರೆ ಈ ಪ್ರಶ್ನೆಗಳೆಲ್ಲ ಒಟ್ಟಿಗೆ ಹುಟ್ಟಿದವಲ್ಲ. ಒಂದೊಂದನ್ನೂ ಒಂದೊಂದು ಕಾಲದ ಭಯ ಅಲ್ಲಿ ತಂದು ಕೂರಿಸಿದೆ.

ಎಲ್ಲಕ್ಕಿಂತ ಹಳೆಯದು ಮಿರರ್. ಯಾವತ್ತೂ ನಿಲ್ಲಬಾರದ ವ್ಯವಹಾರಗಳಿಗೆಂದು ಟ್ಯಾಂಡೆಮ್ ಕಂಪನಿ 1976ರಲ್ಲಿ ತಂದ ಯಂತ್ರಗಳು ಒಂದೇ ದಾಖಲೆಯನ್ನು ಎರಡು ಡಿಸ್ಕಿಗೆ ಬರೆಯುತ್ತಿದ್ದವು. ಸರಳ, ಭದ್ರ, ದುಬಾರಿ. ಆಗ ಡಿಸ್ಕ್ ಎಂದರೆ ಬೀರುವಿನಷ್ಟು ದೊಡ್ಡದು. ಅಂಥದ್ದನ್ನು ಜೋಡಿಯಾಗಿ ಕೊಳ್ಳುವ ತಾಕತ್ತು ಎಷ್ಟು ಜನಕ್ಕಿತ್ತು?

ಲೆಕ್ಕ ಬದಲಾದದ್ದು 1988ರಲ್ಲಿ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಮೂವರೂ ಸೇರಿ ಒಂದು ಪ್ರಬಂಧ ಬರೆದರು. ಒಂದು ಕಡೆ ಐಬಿಎಂನ ದೈತ್ಯ 3380, ಅದರಲ್ಲಿ 7500 ಎಂಬಿ. ಇನ್ನೊಂದು ಕಡೆ ಪರ್ಸನಲ್ ಕಂಪ್ಯೂಟರಿಗೆಂದು ಮಾಡಿದ, ಅಂಗೈ ಅಗಲದ 100 ಎಂಬಿ ಡಿಸ್ಕ್. ಇಂಥ ಅಗ್ಗದವನ್ನು ಸಾಲಾಗಿ ಕಟ್ಟಿದರೆ ದೈತ್ಯನನ್ನೇ ಮೀರಿಸಬಹುದು ಎಂಬುದು ಅವರ ವಾದ; ಆ ಸಾಲಿನ ಹೆಸರೇ ರೇಡ್. ತೊಡಕನ್ನೂ ಅವರೇ ಹೇಳಿದರು. ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳುತ್ತದೆ ಎಂದರೆ, ನೂರು ಡಿಸ್ಕಿನ ಗುಂಪಿನಲ್ಲಿ 300 ಗಂಟೆಗೊಂದು ಸಾಯುತ್ತದೆ. ಎರಡು ವಾರವೂ ಆಗಲಿಲ್ಲ.

ಪರಿಹಾರ ಪ್ಯಾರಿಟಿ. ನಾಲ್ಕು ಡಿಸ್ಕ್ ಇವೆ ಎನ್ನಿ. ಮೂರರಲ್ಲಿ ಒಂದೇ ಜಾಗದ ಬಿಟ್‌ಗಳು 1, 0, 1. ಒಟ್ಟು ಸಮಸಂಖ್ಯೆಯಾಗಿರಬೇಕು ಎಂಬುದೊಂದೇ ಕಟ್ಟಳೆ. ಹಾಗಾಗಿ ನಾಲ್ಕನೆಯದಕ್ಕೆ 0. ಮೊದಲನೆಯದು ಕೆಟ್ಟಿತು. ಉಳಿದದ್ದು 0, 1, 0, ಕೂಡಿದರೆ ಬೆಸ. ಹೋದದ್ದು 1 ಎಂದು ತಾನಾಗಿ ತಿಳಿಯಿತು. ಐದನೇ ಲೆವೆಲ್ಲಿನಲ್ಲಿ ಈ ಪ್ಯಾರಿಟಿಯ ಹೊರೆಯನ್ನು ಎಲ್ಲ ಡಿಸ್ಕುಗಳೂ ಸರದಿಯಂತೆ ಹೊರುತ್ತವೆ. ಎರಡು, ಮೂರು, ನಾಲ್ಕನೇ ಲೆವೆಲ್ಲುಗಳೂ ಪ್ರಬಂಧದಲ್ಲಿದ್ದವು. ಇವತ್ತಿನ ಕಾರ್ಡುಗಳ ಪಟ್ಟಿಯಲ್ಲಿ ಅವನ್ನು ಹುಡುಕಬೇಡಿ. ರೇಡ್ ಎಂಬ ಹೆಸರಿನೊಳಗಿದ್ದ ‘ಅಗ್ಗದ’ ಎಂಬ ಪದವೂ ಮುಂದೆ ‘ಸ್ವತಂತ್ರ’ ಎಂದಾಯಿತು. ಮಾರುವವರಿಗೆ ಅಗ್ಗ ಎನ್ನುವುದು ಹಿಡಿಸಲಿಲ್ಲವೇನೋ.

1989ರಲ್ಲೇ ಕಾಂಪ್ಯಾಕ್ ತನ್ನ ಸಿಸ್ಟಮ್‌ಪ್ರೋ ಸರ್ವರಿನಲ್ಲಿ ಡಿಸ್ಕ್ ಅರೇ ಕೊಟ್ಟಿತು. ತೊಂಬತ್ತರ ದಶಕದಲ್ಲಿ ಮೆಗಾರೇಡ್‌ನಂಥ ಕಾರ್ಡುಗಳು ಬಂದು ಈ ವಿದ್ಯೆಯನ್ನು ಸಣ್ಣ ಕಚೇರಿಗಳಿಗೂ ಮುಟ್ಟಿಸಿದವು. ಆಗ ಕಂಡದ್ದು ಹೊಸ ಸಂಕಟ. ರೇಡ್ ಐದರಲ್ಲಿ ಚೂರೇ ಚೂರು ಬದಲಿಸಿದರೂ ಹಳೆಯದನ್ನು ಓದಬೇಕು, ಹಳೆಯ ಪ್ಯಾರಿಟಿ ಓದಬೇಕು, ಎರಡನ್ನೂ ಹೊಸದಾಗಿ ಬರೆಯಬೇಕು: ಒಂದಕ್ಕೆ ನಾಲ್ಕು ಕೆಲಸ. ನಡುವೆ ಕರೆಂಟು ಹೋದರೆ ಡೇಟಾಕ್ಕೂ ಪ್ಯಾರಿಟಿಗೂ ತಾಳೆಯಿಲ್ಲ. ಅದಕ್ಕೇ ಕಾರ್ಡಿನ ಮೇಲೆ ಕ್ಯಾಶ್ ಮೆಮೊರಿ ಬಂತು. ಬರೆಯುವುದನ್ನು ಅದರಲ್ಲಿಟ್ಟು ಕೂಡಲೇ ‘ಆಯಿತು’ ಎಂದರೆ ರೈಟ್ ಬ್ಯಾಕ್; ಡಿಸ್ಕಿಗೆ ಇಳಿಯುವವರೆಗೂ ಕಾದರೆ ರೈಟ್ ಥ್ರೂ. ಕ್ಯಾಶಿಗೆ ಜೀವ ಹಿಡಿದಿಡಲು ಬ್ಯಾಟರಿ ಬಂತು.

ಬ್ಯಾಟರಿಯ ರಗಳೆ ನನಗೆ ಚೆನ್ನಾಗಿ ಗೊತ್ತು. ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಆಮೆಯಾಯಿತು. ಮಧ್ಯಾಹ್ನದವರೆಗೂ ಡೇಟಾಬೇಸನ್ನು ಬೈದೆವು. ಕೊನೆಗೆ ನೋಡಿದರೆ ಕಾರ್ಡು ತನ್ನ ಬ್ಯಾಟರಿಯ ಆರೋಗ್ಯ ಪರೀಕ್ಷಿಸಲು ಅದನ್ನು ಪೂರ್ತಿ ಬರಿದು ಮಾಡಿ ಮತ್ತೆ ಚಾರ್ಜ್ ಮಾಡುತ್ತಿತ್ತು; ಅಷ್ಟು ಹೊತ್ತೂ ರೈಟ್ ಬ್ಯಾಕ್ ಬಿಟ್ಟು ರೈಟ್ ಥ್ರೂಗೆ ಹೊರಳಿತ್ತು. ಅದು ಕೆಟ್ಟಿರಲಿಲ್ಲ, ಮುನ್ನೆಚ್ಚರಿಕೆ ವಹಿಸಿತ್ತು ಅಷ್ಟೆ. ಈಗಿನ ಕಾರ್ಡುಗಳಲ್ಲಿ ಬ್ಯಾಟರಿಯ ಜಾಗಕ್ಕೆ ಕೆಪಾಸಿಟರ್ ಮತ್ತು ಫ್ಲ್ಯಾಶ್ ಬಂದಿವೆ. ಕರೆಂಟು ಹೋದೊಡನೆ ಕ್ಯಾಶಿನಲ್ಲಿದ್ದದ್ದು ಫ್ಲ್ಯಾಶಿಗೆ ಇಳಿಯುತ್ತದೆ.

ರೇಡ್ ಐದನ್ನು ಮೂಲೆಗೆ ತಳ್ಳಿದ್ದು ಡಿಸ್ಕಿನ ಗಾತ್ರ. 20 ಟಿಬಿಯ ಒಂದು ಡಿಸ್ಕನ್ನು ಸೆಕೆಂಡಿಗೆ 100 ಎಂಬಿಯಂತೆ ಮತ್ತೆ ತುಂಬಲು 55 ಗಂಟೆಗೂ ಹೆಚ್ಚು ಬೇಕು. ಅಷ್ಟೂ ಹೊತ್ತು ಉಳಿದ ಡಿಸ್ಕುಗಳು ಮೈಮುರಿದು ಓಡಬೇಕು. ಹೆಚ್ಚಿನ ಸಲ ಅವೂ ಒಟ್ಟಿಗೆ ಕೊಂಡ ಅದೇ ವಯಸ್ಸಿನವು. ಎರಡನೆಯದು ಹೋದರೆ ಕಥೆ ಮುಗಿಯಿತು. ಅದಕ್ಕೇ ಎರಡು ಪ್ಯಾರಿಟಿಯ ರೇಡ್ ಆರು. ದೊಡ್ಡ ಡಿಸ್ಕುಗಳಿಗೆ ಈಗಲೂ ಐದನ್ನೇ ಆರಿಸುವವರನ್ನು ಕಂಡರೆ ನನಗೆ ಅವರ ಬ್ಯಾಕಪ್ ಬಗ್ಗೆ ಕೇಳಬೇಕೆನಿಸುತ್ತದೆ.

ಅಷ್ಟರಲ್ಲಿ ಕಾರ್ಡೇ ಬೇಡ ಎನ್ನುವವರೂ ಹುಟ್ಟಿಕೊಂಡಿದ್ದರು. 2003ರಲ್ಲಿ ಗೂಗಲ್ ವಿವರಿಸಿದ ಫೈಲ್ ಸಿಸ್ಟಮ್ ಪ್ರತಿ ತುಂಡಿನ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತಿತ್ತು. ಸನ್ ಕಂಪನಿಯಲ್ಲಿ ಜೆಫ್ ಬಾನ್ವಿಕ್, ಮ್ಯಾಥ್ಯೂ ಅಹ್ರೆನ್ಸ್ ಕಟ್ಟಿದ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ 2005ರಲ್ಲಿ ಹೊರಬಂತು. ಅದು ಪ್ರತಿ ಬ್ಲಾಕಿಗೂ ಚೆಕ್‌ಸಮ್ ಇಟ್ಟು, ಸದ್ದಿಲ್ಲದೆ ಹಾಳಾದ ಡೇಟಾವನ್ನೂ ಹಿಡಿಯುತ್ತದೆ. ಅದಕ್ಕೆ ಡಿಸ್ಕುಗಳು ನೇರವಾಗಿ ಕಾಣಬೇಕು, ನಡುವೆ ದಳ್ಳಾಳಿ ಬೇಡ. ಹಾಗಾಗಿ ಕಂಟ್ರೋಲರಿನ ಪಟ್ಟಿಗೆ ಇನ್ನೊಂದು ಸಾಲು ಸೇರಿತು: ಎಚ್‌ಬಿಎ ಮೋಡ್. ಅದನ್ನು ಆರಿಸಿದರೆ ಕಾರ್ಡು ತನ್ನ ಜಾಣತನವನ್ನೆಲ್ಲ ಪಕ್ಕಕ್ಕಿಟ್ಟು ಸುಮ್ಮನೆ ದಾರಿ ಬಿಡುತ್ತದೆ.

ಇತ್ತೀಚೆಗೆ ನಾನು ಸಿದ್ಧ ಮಾಡಿದ ಸರ್ವರಿನಲ್ಲಿ ಡೇಟಾ ಡಿಸ್ಕುಗಳೆಲ್ಲ ಹಾಗೇ ಎಚ್‌ಬಿಎ ಮೋಡಿನಲ್ಲಿವೆ. ಆಪರೇಟಿಂಗ್ ಸಿಸ್ಟಮ್ ಕೂರುವ ಜಾಗ ಮಾತ್ರ ಬೇರೆ: ಚ್ಯೂಯಿಂಗ್ ಗಮ್ ಪಟ್ಟಿಯಷ್ಟು ಉದ್ದದ ಎರಡು ಎಂ.2 ಎಸ್‌ಎಸ್‌ಡಿ, ಅವಕ್ಕೆಂದೇ ಒಂದು ಪುಟ್ಟ ಕಂಟ್ರೋಲರ್. ಅದರ ಪಟ್ಟಿಯಲ್ಲಿ ನಾನು ಆರಿಸಿದ್ದು 1976ರ ಅದೇ ಮಿರರ್.